ಸತ್ತ ಮೇಲೆ ನಾವು ಯಾರ ಪಾಲು?

ಮುಂಬೈಯಲ್ಲಿ ಇಬ್ಬರು ಕನ್ನಡದವರು ಲೋಕಲ್ ಗಾಡಿಯಲ್ಲಿ ಎದುರಾದರೆ ಮೊದಲ ಪ್ರಶ್ನೆ "ಆರಾಮಾ?", ಎರಡನೆಯದು "ಊರಿಗೆ ಯಾವಾಗ?" ಇಲ್ಲಿ ನಲವತ್ತು ವರ್ಷ ದುಡಿದು, ಫ್ಲ್ಯಾಟಿನ ಸಾಲ ತೀರಿಸಿ, ಮಕ್ಕಳಿಗೆ ಮದುವೆ ಮಾಡಿದವನು ಕೂಡ "ಇದೇ ನನ್ನ ಊರಲ್ವಾ ಮಾರಾಯ್ರೆ" ಎಂದದ್ದನ್ನು ನಾನು ಕೇಳಿಲ್ಲ. "ಚೌತಿಗೆ ಹೋಗ್ಬೇಕು ಅಂತ ಇದೆ, ಟಿಕೆಟ್ ನೋಡ್ಬೇಕು" ಎನ್ನುತ್ತಾನೆ. ಬದುಕಿರುವಷ್ಟು ದಿನ ಇದು ಟಿಕೆಟ್ಟಿನ ಪ್ರಶ್ನೆ. ಸಿಕ್ಕಿದರೆ ಹೋದೆವು, ಇಲ್ಲದಿದ್ದರೆ ಮುಂದಿನ ವರ್ಷ.

ಆದರೆ ಸತ್ತ ಮೇಲೆ? ಆಗ ಊರಿಗೆ ಹೋಗಬೇಕೋ ಬೇಡವೋ ಎಂದು ಹೇಳುವವರು ಯಾರು? ಸತ್ತವನು ಹೇಳಿಟ್ಟ ಮಾತೋ, ಹೆಂಡತಿ ಮಕ್ಕಳೋ, ಅಥವಾ ಅವನನ್ನು ತನ್ನವನೆಂದು ಎಣಿಸಿಕೊಂಡ ಕುಲವೋ? ಇಂಥ ಪ್ರಶ್ನೆಯನ್ನು ಎಂಕಾಂ ಓದಿ ಬ್ಯಾಂಕಿನಲ್ಲಿ ಲೆಕ್ಕ ಬರೆಯುತ್ತಿದ್ದ ನನ್ನಂಥವನ ಮುಂದೆ ತಂದು ನಿಲ್ಲಿಸಿದ್ದು ಆಫ್ರಿಕ.

2025ರ ಅಕ್ಟೋಬರ್ 15ರಂದು ಕೆನ್ಯಾದ ಮಾಜಿ ಪ್ರಧಾನಿ ರೈಲಾ ಓಡಿಂಗಾ ನಮ್ಮ ಕೇರಳದ ಕೂತಾಟ್ಟುಕುಳಂ ಎಂಬಲ್ಲಿ ತೀರಿಕೊಂಡ ಸುದ್ದಿ ಟೀವಿಯಲ್ಲಿ ಬಂತು. ಆಯುರ್ವೇದ ಚಿಕಿತ್ಸೆಗೆಂದು ಬಂದಿದ್ದರು, ಬೆಳಗಿನ ನಡಿಗೆಯಲ್ಲಿ ಕುಸಿದರು. ವಯಸ್ಸು 80. ಮರುದಿನವೇ ಶವ ವಿಮಾನದಲ್ಲಿ ನೈರೋಬಿ ತಲುಪಿತು. ತನ್ನನ್ನು 72 ಗಂಟೆಗಳೊಳಗೆ ಮಣ್ಣು ಮಾಡಬೇಕೆಂದು ಅವರು ಹೇಳಿಟ್ಟಿದ್ದರಂತೆ. ಆದರೆ ಜನ ಬಿಡಬೇಕಲ್ಲ! ನೈರೋಬಿ, ಕಿಸುಮು ಎಂದು ಲಕ್ಷಾಂತರ ಜನ ನೋಡಲು ಮುಗಿಬಿದ್ದರು. ಕೊನೆಗೆ 19ರಂದು ಪಶ್ಚಿಮ ಕೆನ್ಯಾದ ಬೊಂಡೊ ಎಂಬಲ್ಲಿ, ಅವರ ಮನೆತನದ ಅಂಗಳದಲ್ಲಿ, ತಂದೆಯ ಸಮಾಧಿಯ ಹತ್ತಿರ ಮಣ್ಣು ಮಾಡಿದರು.

ನನ್ನ ಹೆಂಡತಿ ಟೀವಿ ನೋಡುತ್ತಾ, "ಎಲ್ಲಿ ಸತ್ತರೂ ಅಲ್ಲಿಗೇ ಒಯ್ಯಬೇಕಾ ಇವರಿಗೆ?" ಅಂದಳು. ಒಯ್ಯಬೇಕು. ಅದು ನನಗೆ ಗೊತ್ತಿತ್ತು. ಗೊತ್ತಾದ ಬಗೆಯಲ್ಲಿ ನನ್ನದೇ ಒಂದು ತಪ್ಪು ಇದೆ, ಅದನ್ನು ಮೊದಲು ಹೇಳಿಬಿಡುತ್ತೇನೆ.

2004ರಿಂದ 2007ರವರೆಗೆ ನಾನು ನಮ್ಮ ಬ್ಯಾಂಕಿನ ನೈರೋಬಿ ಕಚೇರಿಯಲ್ಲಿದ್ದೆ. ಅಲ್ಲಿನ ಕ್ಯಾಶಿಯರ್ ಲೂವೊ ಜನಾಂಗದವರು. ವಿಕ್ಟೋರಿಯಾ ಸರೋವರದ ಸುತ್ತಿನ ಜನ ಇವರು. ರೈಲಾ ಇದೇ ಜನಾಂಗದವರು, ಅಮೆರಿಕದ ಅಧ್ಯಕ್ಷರಾಗಿದ್ದ ಒಬಾಮಾರ ತಂದೆಯೂ ಹೌದು. 2005ರಲ್ಲಿ ಒಂದು ಬುಧವಾರ ಆ ಕ್ಯಾಶಿಯರ್ ಸಿಬ್ಬಂದಿ ಮುಂಗಡಕ್ಕೆ ಅರ್ಜಿ ತಂದರು. ಚಿಕ್ಕಪ್ಪ ನೈರೋಬಿಯಲ್ಲಿ ತೀರಿಕೊಂಡಿದ್ದಾರೆ, ಶವವನ್ನು ಸುಮಾರು 400 ಕಿಲೋಮೀಟರ್ ದೂರದ ಸಿಯಾಯಾ ಸೀಮೆಯ ಹಳ್ಳಿಗೆ ಒಯ್ಯಬೇಕು, ಪೆಟ್ಟಿಗೆ, ವಾಹನ, ಬಂದವರಿಗೆ ನಾಲ್ಕಾರು ದಿನ ಊಟ. ಅವರು ಕೇಳಿದ ಮೊತ್ತ ಮೂರು ತಿಂಗಳ ಸಂಬಳ.

ನಾನು ನಿಯಮದ ಪುಸ್ತಕ ತೆಗೆದೆ. ಅದರಲ್ಲಿ ಆಸ್ಪತ್ರೆಗೆ ಇತ್ತು, ಮಕ್ಕಳ ಶಾಲೆಗೆ ಇತ್ತು. ಸತ್ತವರ ಪ್ರಯಾಣಕ್ಕೆ ಇರಲಿಲ್ಲ. ಇರಲಿಲ್ಲ ಎಂದು ಹೇಳಿ ಸುಮ್ಮನಿದ್ದರೆ ಆಗುತ್ತಿತ್ತು. ನಾನು ಉಪದೇಶಕ್ಕೆ ಇಳಿದೆ. "ಇಲ್ಲೇ ಲಂಗಾಟಾದಲ್ಲಿ ಸ್ಮಶಾನ ಇದೆಯಲ್ಲ, ಇಷ್ಟು ಸಾಲ ಮಾಡಿ ಅಷ್ಟು ದೂರ ಯಾಕೆ? ಸತ್ತವರಿಗೆ ಏನು ಗೊತ್ತಾಗುತ್ತೆ?" ಎಂದೆ.

ಅವರು ಕೋಪಿಸಿಕೊಳ್ಳಲಿಲ್ಲ. "ಸರ್, ಅವರು ನೈರೋಬಿಗೆ ಕೆಲಸಕ್ಕೆ ಬಂದವರು. ಕೆಲಸ ಮುಗಿದ ಮೇಲೆ ಮನೆಗೆ ಹೋಗಬೇಕಲ್ಲವೇ?" ಎಂದು ಅರ್ಜಿ ತೆಗೆದುಕೊಂಡು ಹೊರಟುಹೋದರು.

ಆ ಮಾತು ನನಗೆ ಎಲ್ಲಿ ತಾಗಿತು ಎಂಬುದು ಅವರಿಗೆ ಗೊತ್ತಿರಲಿಲ್ಲ. ನನ್ನ ಅಪ್ಪ ಕುಂದಾಪುರದ ಹತ್ತಿರದ ಹಳ್ಳಿಯಲ್ಲಿ ಮೇಷ್ಟ್ರಾಗಿದ್ದವರು. ಅಮ್ಮ ಹೋದ ಮೇಲೆ ಡೊಂಬಿವಲಿಯ ನಮ್ಮ ಫ್ಲ್ಯಾಟಿಗೆ ಬಂದರು. 2001ರ ಜೂನ್‌ನಲ್ಲಿ ಒಂದು ರಾತ್ರಿ "ನನ್ನನ್ನು ಒಮ್ಮೆ ಊರಿಗೆ ಕರ್ಕಂಡ್ ಹೋಗು" ಎಂದರು. "ಮಳೆ ಕಮ್ಮಿಯಾಗಲಿ ಅಪ್ಪಯ್ಯ, ಚೌತಿಗೆ ಹೋಗುವ" ಎಂದೆ. ಜುಲೈಯಲ್ಲಿ ತೀರಿಕೊಂಡರು. ಆಂಬುಲೆನ್ಸ್ ಮಾಡಿ ಒಯ್ಯಬಹುದಿತ್ತು, ದುಡ್ಡೂ ಇತ್ತು. ಘಾಟಿಯಲ್ಲಿ ಮಳೆ, ಮಗನಿಗೆ ಪರೀಕ್ಷೆ, ನನಗೆ ಇನ್‌ಸ್ಪೆಕ್ಷನ್. ಮಧ್ಯಾಹ್ನದೊಳಗೆ ಡೊಂಬಿವಲಿಯಲ್ಲೇ ಎಲ್ಲ ಮುಗಿಸಿದೆ. ನಮ್ಮ ಮನೆಯಲ್ಲಿ ಹಿರಿಯರನ್ನು ಸ್ವಂತ ಜಾಗದಲ್ಲೇ, ಹಿತ್ತಲಿನ ಮಾವಿನ ಮರ ಕಡಿದು ಸುಡುವುದು, ಆ ಜಾಗದಲ್ಲಿ ತೆಂಗಿನ ಸಸಿ ನೆಡುವುದು ರೂಢಿ. ಅಜ್ಜನ ತೆಂಗಿನ ಮರ ಇದೆ, ದೊಡ್ಡಜ್ಜಿಯದಿದೆ. ಅಪ್ಪನದಿಲ್ಲ. ನನ್ನ ಅಣ್ಣ ಊರಲ್ಲೇ ಇದ್ದವನು. ಅವನು ಬೈಯಲಿಲ್ಲ. "ಒಂದ್ ಫೋನ್ ಮಾಡಿ ಕೇಳ್ಬೋದಿತ್ತು" ಎಂದನಷ್ಟೆ.

ಮರುದಿನ ಸಂಜೆ ನಮ್ಮ ಗುಜರಾತಿ ಅಸಿಸ್ಟೆಂಟ್ ಮ್ಯಾನೇಜರ್, ಮೂರು ತಲೆಮಾರಿನಿಂದ ಕೆನ್ಯಾದಲ್ಲೇ ಇದ್ದವರು, "ಬನ್ನಿ, ನೀವು ನೋಡಬೇಕಾದದ್ದು" ಎಂದು ಒಂದು ಹೋಟೆಲಿನ ಹಿಂಭಾಗಕ್ಕೆ ಕರೆದೊಯ್ದರು. ನಲವತ್ತು ಐವತ್ತು ಜನ ಸೇರಿದ್ದರು. ಮಧ್ಯೆ ಒಬ್ಬ ಹಿರಿಯರು ಶಾಲೆ ಮಕ್ಕಳ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಹೆಸರು, ಮೊತ್ತ ಬರೆಯುತ್ತಿದ್ದರು. ಕಾವಲುಗಾರ ಐವತ್ತು ಶಿಲ್ಲಿಂಗ್, ವಕೀಲರು ಐದು ಸಾವಿರ. ಪ್ರತಿ ಹೆಸರನ್ನೂ ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ನಾನೂ ಎರಡು ಸಾವಿರ ಕೊಟ್ಟೆ. ನನ್ನ ಹೆಸರು ಅವರ ಬಾಯಿಗೆ ಹಿಡಿಯಲಿಲ್ಲ, "ಮ್ಹಿಂಡಿ, ಬ್ಯಾಂಕ್" ಎಂದು ಬರೆದರು. ಸ್ವಾಹಿಲಿಯಲ್ಲಿ ಮ್ಹಿಂಡಿ ಎಂದರೆ ಭಾರತೀಯ. ನಾನು ಕೊಡಲೊಪ್ಪದ ಮುಂಗಡ ಎರಡು ಸಂಜೆಗಳಲ್ಲಿ ಒಟ್ಟಾಯಿತು.

ಶವಯಾತ್ರೆಯ ಜೊತೆ ನಾವೂ ಹಳ್ಳಿಗೆ ಹೋದೆವು. ಅಲ್ಲಿ ಕಂಡದ್ದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಯಾಕೆಂದರೆ ಇವರ ಧರ್ಮ ಇರುವುದು ಪುಸ್ತಕದಲ್ಲಲ್ಲ, ಅಂಗಳದಲ್ಲಿ.

ಲೂವೊ ಮನೆಯೆಂದರೆ ಒಂದು ಕಟ್ಟಡವಲ್ಲ, ಬೇಲಿ ಹಾಕಿದ ಒಂದು ಆವರಣ. ಅದಕ್ಕೆ ಅವರ ಮಾತಿನಲ್ಲಿ 'ದಾಲಾ' ಎಂದು ಹೆಸರು. ಹೆಬ್ಬಾಗಿಲಿನ ಎದುರಿಗೆ ಹಿರಿಯ ಹೆಂಡತಿಯ ಮನೆ, ಬಾಗಿಲ ಹತ್ತಿರ ಗಂಡುಮಕ್ಕಳ ಗುಡಿಸಲು. ಬೆಳೆದ ಮಗ ಕೊನೆಗೆ ಹೊರಗೆ ಹೋಗಿ ತನ್ನದೇ ದಾಲಾ ಕಟ್ಟಬೇಕು. ಅದಕ್ಕೂ ಕ್ರಮವಿದೆ. ಬೆಳಗಿನ ಜಾವ ತಂದೆ ಅಥವಾ ಕುಲದ ಹಿರಿಯ, ಕಟ್ಟುವವನ ಹಿರಿಮಗ, ಹುಂಜ, ಕೊಡಲಿ, ಬೆಂಕಿ ಹಿಡಿದ ಹೆಂಡತಿ ಎಲ್ಲರೂ ಸೇರಿ ಹೋಗಬೇಕು. ಹೀಗೆ ಕಟ್ಟಿದ್ದು ಮನೆ. ಉಳಿದದ್ದು, ಎಷ್ಟೇ ದೊಡ್ಡ ಬಂಗಲೆಯಾದರೂ, ಮಲಗುವ ಜಾಗ. ಮನೆ ಕಟ್ಟಿದವನನ್ನು ಸತ್ತ ಮೇಲೆ ಅದೇ ಅಂಗಳದಲ್ಲಿ ಹೂಳುತ್ತಾರೆ. ಮಕ್ಕಳು ಆ ಸಮಾಧಿಗಳ ಪಕ್ಕ ಆಡುತ್ತಿದ್ದರು, ಒಂದರ ಮೇಲೆ ಜೋಳ ಒಣಹಾಕಿದ್ದರು. ಭಯವೂ ಇಲ್ಲ, ಮಡಿ ಮೈಲಿಗೆಯೂ ಇಲ್ಲ. ಅಜ್ಜ ಅಲ್ಲೇ ಇದ್ದಾನೆ, ಅಷ್ಟೆ.

ಯುವಕರು ದನಗಳನ್ನು ಅಟ್ಟಿಕೊಂಡು, ಕೋಲು ಬೀಸುತ್ತ, ಕೂಗುತ್ತ ಊರ ಎಲ್ಲೆಯವರೆಗೆ ಓಡಿಹೋಗಿ ಬಂದರು. ಸಾವನ್ನು ಊರಿನಿಂದ ಅಟ್ಟುವುದು ಅದು. ಆ ಕಡೆ ಪಾದ್ರಿಯವರು ಬೈಬಲ್ ಓದುತ್ತಿದ್ದರು. ಲೂವೊ ಜನರಲ್ಲಿ ಬಹುಪಾಲು ಕ್ರೈಸ್ತರು. ಅವರು ದೇವರನ್ನು ಮೊದಲಿನಿಂದ 'ನ್ಯಾಸಾಯೆ' ಎಂದು ಕರೆಯುತ್ತಿದ್ದರು, ಈಗ ಚರ್ಚಿನಲ್ಲೂ ಅದೇ ಹೆಸರು. ನನಗೆ ಮಾಂಸ ಬೇಡವೆಂದಾಗ ಯಾರೂ ನಗಲಿಲ್ಲ. ಜೋಳದ ಹಿಟ್ಟಿನ ಉಗಾಲಿ, ಸೊಪ್ಪಿನ ಪಲ್ಯ ಬಂತು. ಥೇಟ್ ಬಯಲುಸೀಮೆಯ ಮುದ್ದೆ, ಬಣ್ಣ ಮಾತ್ರ ಬಿಳಿ.

ಒಬ್ಬ ಮುದುಕರನ್ನು ಕೇಳಿದೆ: "ಸರೋವರದಲ್ಲಿ ಮುಳುಗಿ ಶವವೇ ಸಿಗದಿದ್ದರೆ?" ಯಾಗೊ ಮರದ ಕಾಯಿಯನ್ನು ತಂದು, ಸತ್ತವನ ಬದಲು ಅದನ್ನೇ ಹೂಳುತ್ತೇವೆ ಎಂದರು. ಉದ್ದಕ್ಕೆ ಸೋರೆಕಾಯಿಯಂತೆ ಜೋತಾಡುವ ಆ ಕಾಯಿಯ ಮರ ನಮ್ಮಲ್ಲೂ ಉದ್ಯಾನಗಳಲ್ಲಿದೆ, ಆನೆತೊರಡುಕಾಯಿ ಎನ್ನುತ್ತಾರೆ. ನನಗೆ ಮೈ ಜುಮ್ಮೆಂದಿತು. ದೇಹ ಸಿಗದವನಿಗೆ ದರ್ಭೆಯಲ್ಲೋ ಮುತ್ತುಗದ ಎಲೆಯಲ್ಲೋ ಪ್ರತಿಕೃತಿ ಮಾಡಿ ಸಂಸ್ಕಾರ ಮಾಡುವುದನ್ನು ನಮ್ಮ ಊರಿನ ಪುರೋಹಿತರಿಂದ ಕೇಳಿದ್ದೆ. ಅವರು ನಮ್ಮಿಂದ ಕಲಿತದ್ದಲ್ಲ, ನಾವು ಅವರಿಂದ ಕಲಿತದ್ದಲ್ಲ. ಒಂದೇ ದುಃಖ ಎರಡು ಕಡೆ ಒಂದೇ ದಾರಿ ಹುಡುಕಿದೆ.

ವಾಪಸು ಬಂದ ಮೇಲೆ ಜಾನ್ ಎಂಬಿಟಿ ಅವರ ಪುಸ್ತಕ ಕೊಂಡು ಓದಿದೆ. ಕೆನ್ಯಾದವರೇ ಆದ ಎಂಬಿಟಿ ಆಂಗ್ಲಿಕನ್ ಪಾದ್ರಿ, 2019ರಲ್ಲಿ ತೀರಿಕೊಂಡರು. ಆಫ್ರಿಕದ ಧರ್ಮ ಮತ್ತು ತತ್ವಶಾಸ್ತ್ರದ ಬಗ್ಗೆ 1969ರಲ್ಲಿ ಅವರು ಬರೆದ ಪುಸ್ತಕ ಈಗಲೂ ಓದುವಂಥದ್ದು. ಅದಕ್ಕೆ ಮೊದಲು ಬಂದ ಮಿಶನರಿಗಳಲ್ಲೂ ಅಧಿಕಾರಿಗಳಲ್ಲೂ ಹೆಚ್ಚಿನವರು ಇವರಿಗೆ ಧರ್ಮವೇ ಇಲ್ಲ, ಇರುವುದು ಮೂಢನಂಬಿಕೆ ಎಂದು ಬರೆದಿಟ್ಟಿದ್ದರು. ಸ್ಥಾಪಕನಿಲ್ಲ, ಗ್ರಂಥವಿಲ್ಲ, ಮತಾಂತರವಿಲ್ಲ. ಅಂಥದ್ದನ್ನು ಧರ್ಮವೆಂದು ಗುರುತಿಸಲು ಅವರ ಕಣ್ಣಿಗೆ ಕಷ್ಟವಾಯಿತು. ನಮ್ಮ ಭೂತ, ನಾಗಬನಗಳನ್ನು ಕಂಡವರೂ ಹಾಗೆಯೇ ಬರೆದರಲ್ಲ.

ಎಂಬಿಟಿ ಹೇಳುವುದರ ಸಾರ ಇಷ್ಟು. ಮನುಷ್ಯ ಸತ್ತ ಕೂಡಲೇ ಪೂರ್ತಿ ಹೋಗುವುದಿಲ್ಲ. ಅವನನ್ನು ಹೆಸರು ಹಿಡಿದು ನೆನೆಯುವವರು ಇರುವ ತನಕ, ನಾಲ್ಕೈದು ತಲೆಮಾರು, ಅವನು 'ಬದುಕಿರುವ ಮೃತ', ಮನೆಯ ಸದಸ್ಯ. ನೆನೆಯುವ ಕೊನೆಯವನೂ ಹೋದಾಗ ಅವನು ಹೆಸರಿಲ್ಲದ ದೂರದ ಕಾಲಕ್ಕೆ ಸೇರಿಹೋಗುತ್ತಾನೆ. ಇದನ್ನು ಓದುವಾಗ ತಿಥಿಯ ದಿನ ಅಪ್ಪ, ಅಜ್ಜ, ಮುತ್ತಜ್ಜ ಎಂದು ಮೂರೇ ಹೆಸರು ಹೇಳಿ ಪಿಂಡ ಇಡುವುದು ನೆನಪಾಯಿತು. ಮುತ್ತಜ್ಜನ ಅಪ್ಪನ ಹೆಸರು ನನಗೆ ಗೊತ್ತಿಲ್ಲ. ನಿಮಗೆ ಗೊತ್ತೇ?

ಒಂದು ಎಚ್ಚರಿಕೆಯ ಮಾತು. ಆಫ್ರಿಕದ ಧರ್ಮ ಎಂದು ಒಂದೇ ಇಲ್ಲ. ಕೆನ್ಯಾ ಒಂದರಲ್ಲೇ ನಲವತ್ತಕ್ಕೂ ಹೆಚ್ಚು ಜನಾಂಗಗಳು, ಕ್ರಮಗಳೂ ಬೇರೆಬೇರೆ. ಎಂಬಿಟಿ ಎಲ್ಲವನ್ನೂ ಒಟ್ಟುಗೂಡಿಸಿ ಕ್ರೈಸ್ತ ಅಚ್ಚಿನಲ್ಲಿ ಎರಕ ಹೊಯ್ದರೆಂದು ಉಗಾಂಡದ ಕವಿ ಓಕೋಟ್ ಪಿ ಬಿಟೆಕ್ ಥರದವರು ಜಗಳ ತೆಗೆದಿದ್ದಾರೆ. ಆದ್ದರಿಂದ ನಾನು ಕಂಡ ಲೂವೊ ಜನರ ಮಾತು ಮಾತ್ರ ಆಡುತ್ತೇನೆ.

ಇಷ್ಟು ಓದಿ ನಾನು ಆ ಸಂಪ್ರದಾಯದ ಭಕ್ತನೇ ಆಗಿಬಿಡುತ್ತಿದ್ದೆನೋ ಏನೋ. ನಮ್ಮ ಕ್ಯಾಶಿಯರೇ ಒಂದು ದಿನ ಎಸ್. ಎಂ. ಓಟಿಯೆನೊ ಅವರ ಕಥೆ ಹೇಳಿದರು. ಅದು ಕಟ್ಟುಕಥೆಯಲ್ಲ, ಕೆನ್ಯಾದ ನ್ಯಾಯಾಲಯದ ದಾಖಲೆ.

ಓಟಿಯೆನೊ ನೈರೋಬಿಯ ಹೆಸರಾಂತ ವಕೀಲರು. ಲೂವೊ ಭಾಷೆಯಲ್ಲಿ ಓಟಿಯೆನೊ ಎಂದರೆ ರಾತ್ರಿ ಹುಟ್ಟಿದವನು. ಹೆಂಡತಿ ವಾಂಬುಯಿ ಕಿಕುಯು ಜನಾಂಗದವರು, ದೊಡ್ಡ ಮನೆತನದ ಹೆಣ್ಣು, ಬ್ರಿಟಿಷರ ವಿರುದ್ಧದ ಮೌ ಮೌ ಹೋರಾಟದಲ್ಲಿ ಇದ್ದವರು. ಆ ಕಾಲಕ್ಕೆ ಇಂಥ ಮದುವೆ ಸಾಮಾನ್ಯವಲ್ಲ. 1986ರ ಡಿಸೆಂಬರ್ 20ರಂದು ಓಟಿಯೆನೊ ತೀರಿಕೊಂಡರು. ಉಯಿಲು ಬರೆದಿರಲಿಲ್ಲ, ವಕೀಲರಾಗಿದ್ದೂ! ನೈರೋಬಿಯ ಹತ್ತಿರದ ತಮ್ಮ ಜಮೀನಿನಲ್ಲಿ ಮಣ್ಣು ಮಾಡುತ್ತೇನೆ, ಅದೇ ಅವರ ಆಸೆಯಾಗಿತ್ತು ಎಂದರು ವಾಂಬುಯಿ. ಅವನು ಉಮಿರಾ ಕಾಗೆರ್ ಕುಲದವನು, ಸಿಯಾಯಾದ ನ್ಯಾಲ್ಗುಂಗಾ ಹಳ್ಳಿಗೇ ಬರಬೇಕು ಎಂದರು ಅಣ್ಣತಮ್ಮಂದಿರು, ಕುಲದ ಹಿರಿಯರು. ಜಗಳ ಕೋರ್ಟು ಹತ್ತಿತು. ಶವ ಶವಾಗಾರದಲ್ಲೇ ಉಳಿಯಿತು.

ಹೆಂಡತಿಯ ಪರ ವಾದ ಇದು: ಇವರು ಆಧುನಿಕ ಮನುಷ್ಯ, ಷೇಕ್ಸ್‌ಪಿಯರ್ ಓದುವವರು, ನಗರದಲ್ಲಿ ಬದುಕಿದವರು, ಮದುವೆಯಾದದ್ದು ಕಾಯಿದೆ ಪ್ರಕಾರ, ಕುಲಾಚಾರದಿಂದ ಹೊರಗೆ ಬಂದವರು. ಕುಲದ ಪರ ವಾದ: ನೈರೋಬಿಯಲ್ಲಿ ಅವರಿಗೆ ಇದ್ದದ್ದು ಕಟ್ಟಡ, ಮನೆಯಲ್ಲ. ಹುಂಜ, ಕೊಡಲಿ, ಬೆಂಕಿ ಹಿಡಿದು ಅಲ್ಲಿ ಯಾರೂ ದಾಲಾ ಕಟ್ಟಿರಲಿಲ್ಲ. ಊರಲ್ಲಿ ಹೂಳದಿದ್ದರೆ ಅವರ ಆತ್ಮ ಬದುಕಿರುವವರನ್ನು ಕಾಡುತ್ತದೆ. ಸಾಕ್ಷಿ ಹೇಳಲು ನೈರೋಬಿ ವಿಶ್ವವಿದ್ಯಾಲಯದ ತತ್ವಶಾಸ್ತ್ರದ ಪ್ರಾಧ್ಯಾಪಕ ಒಡೆರಾ ಒರುಕಾ ಬಂದರು, ಗೋರಿ ತೋಡುವವನೊಬ್ಬನೂ ಬಂದ. ಒಂದೇ ಕಟಕಟೆಯಲ್ಲಿ ಇಬ್ಬರು ಪಂಡಿತರು ಎನ್ನಬೇಕು. ಪತ್ರಿಕೆಗಳು ಪುಟಗಟ್ಟಲೆ ಅಚ್ಚು ಹಾಕಿದವು, ದೇಶವೇ ಎರಡು ಪಾಲಾಗಿ ವಾದ ಮಾಡಿತು.

1987ರ ಫೆಬ್ರವರಿಯಲ್ಲಿ ಹೈಕೋರ್ಟು, ಮೇ 15ರಂದು ಮೇಲ್ಮನವಿ ನ್ಯಾಯಾಲಯ, ಎರಡೂ ಕುಲದ ಪರ ತೀರ್ಪು ಕೊಟ್ಟವು. ಲೂವೊ ಆಗಿ ಹುಟ್ಟಿ ಬೆಳೆದವನು ಓದು, ಉದ್ಯೋಗ, ನಗರವಾಸಗಳಿಂದ ಆ ಆಚಾರದ ಕಟ್ಟು ಕಳಚಿಕೊಳ್ಳಲಾರ ಎಂಬುದು ತೀರ್ಪಿನ ತಿರುಳು. ಸತ್ತ 154ನೇ ದಿನ, ಮೇ 23ರಂದು, ಓಟಿಯೆನೊ ನ್ಯಾಲ್ಗುಂಗಾದ ಮಣ್ಣು ಸೇರಿದರು. ಹೆಂಡತಿ ಅಂತ್ಯಕ್ರಿಯೆಗೆ ಹೋಗಲಿಲ್ಲ.

ಈ ಕಥೆಯನ್ನು ನಾನು ರಾತ್ರಿ ಮನೆಯಲ್ಲಿ ಹೇಳಿದೆ. ನನ್ನ ಮನಸ್ಸು ಆಗ ಕುಲದವರ ಕಡೆಗಿತ್ತು, ಅಪ್ಪನ ವಿಷಯದ ತಪ್ಪು ಒಳಗೇ ಕೊರೆಯುತ್ತಿತ್ತಲ್ಲ. ನನ್ನ ಹೆಂಡತಿ ಹುಟ್ಟಿ ಬೆಳೆದದ್ದು ಮಾಟುಂಗಾದಲ್ಲಿ, ಅವಳ ಅಪ್ಪ ಅಮ್ಮ ಧಾರವಾಡದಿಂದ ಬಂದವರು. ಎಲ್ಲ ಕೇಳಿ ಅವಳು ಒಂದೇ ಮಾತು ಹೇಳಿದಳು: "ನಿಮ್ಮೂರು ಸರಿ. ನನ್ನೂರು ಯಾವ್ದ್ರೀ? ಧಾರವಾಡದಾಗ ನಮ್ಮ ಮನಿ ಇಲ್ಲ. ಕುಂದಾಪುರದಾಗ ನಾನು ಮದುವಿ ಆಗಿ ಬಂದಾಕಿ. ನಿಮ್ಮ ತೆಂಗಿನ ಗಿಡದ ಲೆಕ್ಕದಾಗ ನನ್ನ ಕೇಳೋರು ಯಾರು?"

ಉತ್ತರ ಇರಲಿಲ್ಲ. ಈಗಲೂ ಪೂರ್ತಿ ಇಲ್ಲ. ದಾಲಾದ ಕ್ರಮದಲ್ಲಿ ಹೆಣ್ಣು ಬೆಂಕಿ ಹಿಡಿದು ಹೋಗುತ್ತಾಳೆ, ಆದರೆ ಮನೆ ಅವಳ ಹೆಸರಿನಲ್ಲಿ ನಿಲ್ಲುವುದಿಲ್ಲ. ಗಂಡ ಸತ್ತ ಹೆಣ್ಣನ್ನು ಗಂಡನ ಕುಲದವನೇ ಒಬ್ಬ ವಹಿಸಿಕೊಳ್ಳುವ ಪದ್ಧತಿ ಲೂವೊ ಜನರಲ್ಲಿತ್ತು. ವಿಧವೆಗೂ ಮಕ್ಕಳಿಗೂ ಆಸರೆಯಾಗಲೆಂದು ಹುಟ್ಟಿದ್ದು ಅದು. ಏಡ್ಸ್ ಬಂದಾಗ ಅದೇ ಪದ್ಧತಿ ರೋಗವನ್ನು ಮನೆಯಿಂದ ಮನೆಗೆ ದಾಟಿಸಿತು. ಸೊರಗಿ ಸಾಯುವುದನ್ನು ಕಂಡ ಹಿರಿಯರು ಇದು 'ಚಿರಾ', ನಿಷೇಧ ಮುರಿದದ್ದಕ್ಕೆ ಬಂದ ಶಾಪ ಎಂದರು. ನಾನಿದ್ದ ಕಾಲದಲ್ಲಿ ಆ ಸೀಮೆಯ ಹಳ್ಳಿಗಳಲ್ಲಿ ಹೊಸ ಗೋರಿಗಳ ಸಾಲು ಕಂಡಿದ್ದೇನೆ. ಅಂತ್ಯಕ್ರಿಯೆಯ ಖರ್ಚಿಗೆ ದನ, ಜಮೀನು ಮಾರಿಕೊಂಡ ಮನೆಗಳ ಕಥೆಯನ್ನು ಅದೇ ಕ್ಯಾಶಿಯರ್ ಬೇಸರದಿಂದ ಹೇಳಿದ್ದಾರೆ. ಸಮುದಾಯ ಕೈಹಿಡಿದು ನಡೆಸುತ್ತದೆ. ಅದೇ ಕೈ ಒಮ್ಮೊಮ್ಮೆ ಕುತ್ತಿಗೆಗೂ ಬರುತ್ತದೆ.

ಹಾಗಾದರೆ ಮನುಷ್ಯ ತಾನು ಬಯಸಿದಂತೆ ಹೋಗಬೇಕು ಎಂದು ಬಿಟ್ಟುಬಿಡೋಣವೇ? ಅದಕ್ಕೂ ಕೆನ್ಯಾದಲ್ಲೇ ಉದಾಹರಣೆ ಇದೆ. ನಾನು ಹೋದ ವರ್ಷವೇ, 2004ರಲ್ಲಿ, ವಂಗಾರಿ ಮಾಥಾಯಿ ಅವರಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಲಕ್ಷಗಟ್ಟಲೆ ಮರ ನೆಡಿಸಿದ ಹೆಣ್ಣುಮಗಳು, ಕಿಕುಯು. ಚಿಕ್ಕಂದಿನಲ್ಲಿ ಅಮ್ಮ ಅವರಿಗೆ ಮುಗುಮೊ ಎಂಬ ಅತ್ತಿಯ ಜಾತಿಯ ಮರದ ಕಡ್ಡಿಯನ್ನು ಸೌದೆಗೆ ತರಬೇಡ, ಅದು ದೇವರ ಮರ ಎಂದಿದ್ದರಂತೆ. ಅಂಥ ನಂಬಿಕೆಯಲ್ಲೇ ಕಾಡು, ನೀರು ಉಳಿದಿತ್ತು ಎಂದು ಅವರು ದೊಡ್ಡವರಾದ ಮೇಲೆ ಅರ್ಥ ಮಾಡಿಕೊಂಡರು. 2011ರ ಸೆಪ್ಟೆಂಬರ್‌ನಲ್ಲಿ ಅವರು ತೀರಿಕೊಂಡಾಗ, ನನಗಾಗಿ ಮರ ಕಡಿದು ಪೆಟ್ಟಿಗೆ ಮಾಡಬೇಡಿ ಎಂಬ ಅವರ ಮಾತಿನಂತೆ ಬಿದಿರು, ಜಂಬುಹುಲ್ಲು, ನೀರಿನ ಕಳೆಗಳಿಂದ ಹೆಣೆದ ಪೆಟ್ಟಿಗೆಯಲ್ಲಿಟ್ಟು, ನೈರೋಬಿಯ ಕಾರಿಯೋಕೋರ್‌ನಲ್ಲಿರುವ ಹಿಂದೂ ಚಿತಾಗಾರದಲ್ಲಿ ದಹನ ಮಾಡಿದರು. ಹೂಳುವುದೇ ರೂಢಿಯಾದ ನಾಡಿನಲ್ಲಿ ಇದು ದೊಡ್ಡ ಮಾತು. ಗೊಣಗಿದವರು ಇದ್ದರು, ಕೋರ್ಟಿಗೆ ಎಳೆದವರಿಲ್ಲ. 2010ರ ಹೊಸ ಸಂವಿಧಾನದಲ್ಲಿ, ಸಂವಿಧಾನಕ್ಕೆ ವಿರುದ್ಧವಾದ ಕುಲಾಚಾರ ಅಷ್ಟರಮಟ್ಟಿಗೆ ಅಸಿಂಧು ಎಂದು ಬರೆದೂ ಆಗಿತ್ತು.

ಓಟಿಯೆನೊ ಅವರಿಗೆ ದಕ್ಕದ್ದು ಮಾಥಾಯಿಯವರಿಗೆ ದಕ್ಕಿತು. ಅದು ಒಳ್ಳೆಯದೇ. ಆದರೂ ನನ್ನಲ್ಲಿ ಒಂದು ಶಂಕೆ ಉಳಿಯಿತು. "ನನ್ನ ದೇಹ, ನನ್ನ ಇಷ್ಟ" ಎನ್ನುವವನು ತನ್ನನ್ನು ಒಂಟಿ ಖಾತೆಯಂತೆ ನೋಡುತ್ತಾನೆ. ಬ್ಯಾಂಕಿನಲ್ಲಿ ಸಿಂಗಲ್ ಅಕೌಂಟು ಇರಬಹುದು. ಬದುಕಿನಲ್ಲಿ ಎಲ್ಲವೂ ಜಂಟಿ ಖಾತೆ. ಎತ್ತಿ ಆಡಿಸಿದವರು, ಫೀಸು ಕಟ್ಟಿದವರು, ಮುಂಬೈಗೆ ಬಂದ ಮೊದಲ ತಿಂಗಳು ಚಾಳಿನಲ್ಲಿ ಚಾಪೆಯ ಅರ್ಧ ಬಿಟ್ಟುಕೊಟ್ಟವರು, ಅವರೆಲ್ಲರ ಜಮೆ ಅದರಲ್ಲಿದೆ. ನಾವು ಸತ್ತಾಗ ಅವರಿಗೂ ಅಳುವ, ಮಣ್ಣು ಹಾಕುವ, ನೆನೆಯುವ ಪಾಲು ಇದೆ. ಅಣ್ಣ ಕೇಳಿದ್ದು ಆ ಪಾಲನ್ನೇ. ಒಂದು ಫೋನು.

ಹಾಗೆಂದು ಕುಲದ ಹಕ್ಕು ಹುಟ್ಟಿನಿಂದ ತಾನಾಗಿ ಬರುವುದಿಲ್ಲ ಎಂದೂ ನನಗೆ ಅನ್ನಿಸುತ್ತದೆ. ಅದಕ್ಕೂ ಜಮೆ ಇರಬೇಕು. ಆ ಹೋಟೆಲಿನ ಹಿಂಭಾಗದ ನೋಟ್‌ಬುಕ್ಕು ನನಗೆ ಕಲಿಸಿದ್ದು ಇದನ್ನು. ನೈರೋಬಿಯಂಥ ಪರಸ್ಥಳದಲ್ಲಿ ಕೆಲಸಕ್ಕೆ ಬಂದ ಲೂವೊ ಜನ ಬ್ರಿಟಿಷರ ಕಾಲದಲ್ಲೇ ಲೂವೊ ಯೂನಿಯನ್ ಎಂಬ ಸಂಘ ಕಟ್ಟಿದ್ದರು. ರೈಲಾ ಅವರ ತಂದೆ ಓಗಿಂಗಾ ಓಡಿಂಗಾ 1950ರ ದಶಕದಲ್ಲಿ ಅದರ ಮುಖ್ಯಸ್ಥರಾಗಿದ್ದರು. ಕಷ್ಟದಲ್ಲಿದ್ದವರಿಗೆ ನೆರವು, ಸತ್ತವರನ್ನು ಊರಿಗೆ ಮುಟ್ಟಿಸುವುದು ಎಲ್ಲ ಅದರ ಕೆಲಸ. ಮುಂಬೈಯಲ್ಲಿ ನಮ್ಮ ಕರಾವಳಿಯವರು ಕಟ್ಟಿದ ಸಂಘಗಳು, ರಾತ್ರಿ ಶಾಲೆಗಳು ನೆನಪಾಗದೆ ಇರುತ್ತವೆಯೇ? ಬದುಕಿದ್ದಾಗ ಕೈ ಕೊಟ್ಟ ಸಮುದಾಯ ಸತ್ತಾಗ ಹೆಗಲು ಕೊಡಲು ಬಂದರೆ ಅದು ನ್ಯಾಯ. ಬದುಕಿದ್ದಾಗ ಬಾಗಿಲು ತಟ್ಟದವರು ಶವ ಕೇಳಿಕೊಂಡು ಬಂದರೆ ಅದು ಜಪ್ತಿ.

ಕುಲವೂ ಇಲ್ಲದೆ, ಆಸೆ ಹೇಳಲು ಅವಕಾಶವೂ ಇಲ್ಲದೆ ಹೋದವರನ್ನೂ ಇಲ್ಲಿ ನೆನೆಯಬೇಕು. ಮೊಂಬಾಸಾದಿಂದ ವಿಕ್ಟೋರಿಯಾ ಸರೋವರದ ತನಕ ರೈಲು ದಾರಿ ಹಾಕಲು 1896ರಿಂದ 1901ರವರೆಗೆ ಬ್ರಿಟಿಷರು ಭಾರತದಿಂದ ಸುಮಾರು 32 ಸಾವಿರ ಕೂಲಿಗಳನ್ನು ಒಯ್ದರು. ಸುಮಾರು 2,500 ಜನ ಅಲ್ಲೇ ಸತ್ತರು. ಯಾವ ಅಂಗಳಕ್ಕೂ ಅವರು ಮರಳಲಿಲ್ಲ. ಇದಕ್ಕೆ ಎದುರು ದಿಕ್ಕಿನಲ್ಲಿ ಬಂದವರೂ ಇದ್ದಾರೆ. ಶತಮಾನಗಳ ಹಿಂದೆ ಆಫ್ರಿಕದಿಂದ ಗುಲಾಮರಾಗಿ ಬಂದವರ ಸಂತತಿ, ನಮ್ಮ ಯಲ್ಲಾಪುರ, ಹಳಿಯಾಳದ ಕಾಡುಗಳ ಸಿದ್ದಿಗಳು. ಭಾಷೆ ಮರೆತುಹೋಯಿತು, ಊರಿನ ಹೆಸರೂ ಮರೆಯಿತು. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಆದರೂ ಹಿರಿಯರನ್ನು ಪೂಜಿಸುವುದು ಬಿಟ್ಟಿಲ್ಲ. ಮಣ್ಣಿಗೆ ಮರಳಲಾಗದವರು ಹಿರಿಯರನ್ನೇ ಹೊತ್ತು ತಂದರು. ಮನೆಯನ್ನು ಹೀಗೂ ಕಟ್ಟಬಹುದು.

2013ರಲ್ಲಿ ನನ್ನ ಅಣ್ಣ ತೀರಿಕೊಂಡ. ಆ ಸಲ ನಾನು ಇನ್‌ಸ್ಪೆಕ್ಷನ್ ನೋಡಲಿಲ್ಲ, ಸಿಕ್ಕ ಗಾಡಿ ಹತ್ತಿ ಹೋದೆ. ಹಿತ್ತಲಲ್ಲಿ ಅವನಿಗೆ ಬೆಂಕಿ ಕೊಡುವಾಗ ನಿಂತಿದ್ದೆ, ಅವನ ತೆಂಗಿನ ಸಸಿಗೆ ನೀರು ಹಾಕಿದೆ. ಪಕ್ಕದಲ್ಲಿ ಅಪ್ಪನ ಹೆಸರಿನಲ್ಲೂ ಒಂದು ಸಸಿ ನೆಟ್ಟೆ, ಶಾಸ್ತ್ರದಲ್ಲಿ ಇದೆಯೋ ಇಲ್ಲವೋ ಯಾರನ್ನೂ ಕೇಳಲಿಲ್ಲ. ಮುಂಬೈಗೆ ಮರಳಿ ಎರಡು ತಿಂಗಳಾಗಿರಬಹುದು, ನೈರೋಬಿಯಿಂದ ಬಂದ ಸಹೋದ್ಯೋಗಿಯೊಬ್ಬರು ಒಂದು ಲಕೋಟೆ ತಂದುಕೊಟ್ಟರು. ಒಳಗೆ ಎರಡು ಸಾವಿರ ಕೆನ್ಯಾ ಶಿಲ್ಲಿಂಗ್, ಜೊತೆಗೆ ಕ್ಯಾಶಿಯರ್ ಕೈಬರಹದಲ್ಲಿ ಎರಡು ಸಾಲು: ನಿಮ್ಮ ಅಣ್ಣನ ಸುದ್ದಿ ಕೇಳಿದೆವು, ಇದು ನಮ್ಮ ಮನೆಯಿಂದ. ನಾನು 2005ರಲ್ಲಿ ಕೊಟ್ಟಷ್ಟೇ ಮೊತ್ತ. ಬಡ್ಡಿಯಿಲ್ಲ, ವಾಯಿದೆಯಿಲ್ಲ, ಮರೆವೂ ಇಲ್ಲ. ಮೂವತ್ತೈದು ವರ್ಷದ ನೌಕರಿಯಲ್ಲಿ ಅಂಥ ಲೆಡ್ಜರನ್ನು ನಾನು ಬೇರೆಲ್ಲೂ ನೋಡಿಲ್ಲ. ಆ ನೋಟುಗಳನ್ನು ಬದಲಾಯಿಸಿಲ್ಲ, ಅಪ್ಪನ ಫೋಟೊ ಹಿಂದೆ ಇಟ್ಟಿದ್ದೇನೆ.

ರೈಲಾ ಅವರ ಸುದ್ದಿ ಬಂದ ರಾತ್ರಿ ನಾವಿಬ್ಬರೂ ಕುಳಿತು ಮಾತಾಡಿದೆವು. ನನಗೆ ಈಗ 66. ಮಗ ಪುಣೆಯಲ್ಲಿ, ಮಗಳು ಹೊರದೇಶದಲ್ಲಿ. ಉಯಿಲಿನ ಜೊತೆಗೆ ಒಂದು ಕಾಗದ ಬರೆದಿಡುವ ಎಂದುಕೊಂಡೆವು. ಅವಳದು ಸ್ಪಷ್ಟವಾಗಿತ್ತು: "ನನ್ನ ಇಲ್ಲೇ, ಮುಂಬೈದಾಗ. ನನ್ನ ಗೆಳತ್ಯಾರು ಲೋಕಲ್ ಹಿಡಿದು ಬರೂ ಹಂಗ ಇರಬೇಕು." ಅವಳ ಕುಲ ಅದು, ಮೂವತ್ತು ವರ್ಷ ಒಂದೇ ಡಬ್ಬಿಯಲ್ಲಿ ಪ್ರಯಾಣ ಮಾಡಿದವರು. ಒಪ್ಪಿದೆ. ನನ್ನದನ್ನು ಬರೆಯಲು ಕುಳಿತಾಗ ಪೆನ್ನು ಓಡಲಿಲ್ಲ. ಕೊನೆಗೆ ಹೀಗೆ ಬರೆದೆ: ಅನುಕೂಲವಾದರೆ ಊರಿಗೆ ಒಯ್ಯಿರಿ, ಆಗದಿದ್ದರೆ ಇಲ್ಲೇ ಮುಗಿಸಿರಿ, ಸಾಲ ಮಾಡಬೇಡಿರಿ. ಎರಡರಲ್ಲಿ ಯಾವುದಾದರೂ ಸರಿ, ಮೊದಲು ಊರಿಗೆ ಒಂದು ಫೋನ್ ಮಾಡಿ ಅಣ್ಣನ ಮಕ್ಕಳನ್ನು ಕೇಳಿರಿ.

ಊರಿನಲ್ಲಿ ಕುಳಿತು ಇದನ್ನು ಓದುವ ನಿಮ್ಮಲ್ಲೂ ಒಂದು ಮಾತು. ದೇವಸ್ಥಾನದ ಜೀರ್ಣೋದ್ಧಾರ, ಬ್ರಹ್ಮಕಲಶದ ರಸೀದಿ ಪುಸ್ತಕ ಮುಂಬೈಗೆ ತಪ್ಪದೆ ಬರುತ್ತದೆ. ಬರಲಿ, ಕೊಡುತ್ತೇವೆ. ನಡುವೆ ಯಾವಾಗಲಾದರೂ, ದೇಣಿಗೆಯ ಮಾತಿಲ್ಲದ ಒಂದು ದಿನ, ನೀವೂ ಒಮ್ಮೆ ಕೇಳಿ ನೋಡಿ: "ಊರಿಗೆ ಯಾವಾಗ?"